ತಮ್ಮ ಕಾರ್ಖಾನೆಯನ್ನು ತಾವೇ ನೋಡದ ಜಮ್‌ಶೆಡ್‌ಜಿ ಟಾಟಾ

ವಾಣಿಜ್ಯ ವಿಭಾಗದ ನಮಗೆಲ್ಲ ಹೆನ್ರಿ ಫೇಯೋಲ್ ಅವರ 14 ನಿರ್ವಹಣಾ ತತ್ವಗಳು ಬಾಯಿಪಾಠ. ಶ್ರಮ ವಿಭಜನೆಯಿಂದ ಶುರುಮಾಡಿ ಸಂಘಭಾವನೆಯವರೆಗೆ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಪರೀಕ್ಷೆ ಮುಗಿದ ಮೇಲೆ ಅವು ನೆನಪಿರುತ್ತವೋ ಇಲ್ಲವೋ ಬೇರೆ ಮಾತು. ನನಗೆ ಮಾತ್ರ ಒಂದು ಅನುಮಾನ ಮೊದಲಿನಿಂದಲೂ ಇತ್ತು. ಇಷ್ಟೆಲ್ಲ ತತ್ವ ಓದದೆಯೇ ದೊಡ್ಡ ಉದ್ಯಮ ಕಟ್ಟಿದವರು ನಿಜವಾಗಿ ಏನು ಮಾಡಿದರು? ಅವರ ಕೈಯಲ್ಲಿ ಹಣ ಇಲ್ಲದಾಗ, ನಷ್ಟ ಬಂದಾಗ, ಕೆಲಸದವರು ಬಾರದಿದ್ದಾಗ ಏನು ಮಾಡಿದರು? ಆ ಪ್ರಶ್ನೆ ಹಿಡಿದುಕೊಂಡು ಈ ರಜೆಯಲ್ಲಿ ನಾನು ಜಮ್‌ಶೆಡ್‌ಜಿ ನಸರ್ವಾನ್‌ಜಿ ಟಾಟಾ ಅವರ ಜೀವನವನ್ನು ಓದಿದೆ.

ನನ್ನ ಪ್ರಶ್ನೆಗೆ ಮನೆಯಲ್ಲೂ ಒಂದು ಕಾರಣವಿತ್ತು. ನಮ್ಮ ಅಬ್ಬಾ ಶಾಲಾ ಯೂನಿಫಾರ್ಮ್ ಹೊಲಿಸುವ ಸಣ್ಣ ಅಂಗಡಿ ನಡೆಸುತ್ತಾರೆ. ಐದು ಮೆಷಿನ್, ಐದು ಜನ. ಅದರಲ್ಲಿ ಒಬ್ಬರು ನಾನು ಹುಟ್ಟುವ ಮೊದಲಿನಿಂದಲೂ ನಮ್ಮಲ್ಲೇ ಹೊಲಿಯುತ್ತಿದ್ದಾರೆ. ನಾವೆಲ್ಲ ಅವರನ್ನು ಮಾಮು ಎನ್ನುತ್ತೇವೆ. ಈಗ ಅವರ ಕಣ್ಣು ಮಂದವಾಗಿದೆ, ಕಾಜಾ ಹೊಲಿಗೆ ತಪ್ಪುತ್ತದೆ. ಅವರನ್ನು ಏನು ಮಾಡುವುದು ಎಂಬ ಮಾತು ಮನೆಯಲ್ಲಿ ಆಗಾಗ ಬಂದು, ತೀರ್ಮಾನವಾಗದೆ ನಿಂತುಹೋಗುತ್ತದೆ. ಟಾಟಾ ಅವರ ಪುಸ್ತಕವನ್ನು ನಾನು ಓದಿದ್ದು ಈ ಮಾತು ಕಿವಿಯಲ್ಲಿ ಇರುವಾಗಲೇ.

ಜಮ್‌ಶೆಡ್‌ಜಿ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಮನೆತನ ಪಾರ್ಸಿ ಪುರೋಹಿತರದ್ದು. ತಲೆತಲಾಂತರದಿಂದ ಬಂದ ಪೌರೋಹಿತ್ಯ ಬಿಟ್ಟು ವ್ಯಾಪಾರಕ್ಕೆ ಇಳಿದ ಮೊದಲಿಗರು ಅವರ ತಂದೆ ನಸರ್ವಾನ್‌ಜಿ. ತಂದೆ ಮುಂಬೈಗೆ ಹೋಗಿ ವ್ಯಾಪಾರ ಕಲಿತು, ಮಗನನ್ನೂ 14ನೇ ವಯಸ್ಸಿನ ಹೊತ್ತಿಗೆ ಅಲ್ಲಿಗೆ ಕರೆಸಿಕೊಂಡರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ ಜಮ್‌ಶೆಡ್‌ಜಿ 1858ರಲ್ಲಿ ವಿದ್ಯಾಭ್ಯಾಸ ಮುಗಿಸಿದರು. ಓದುವ ಹುಚ್ಚು ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ಆಗಿನ ಪದ್ಧತಿಯಂತೆ ಮದುವೆ ಓದುವಾಗಲೇ ಆಗಿತ್ತು, ಹೆಂಡತಿ ಹೀರಾಬಾಯಿ. ಹಿರಿಯ ಮಗ ದೊರಾಬ್‌ಜಿ 1859ರಲ್ಲಿ ಹುಟ್ಟಿದರು. ಅದೇ ವರ್ಷ ಜಮ್‌ಶೆಡ್‌ಜಿ ತಂದೆಯ ವ್ಯಾಪಾರದ ಶಾಖೆ ಕಟ್ಟಲು ಹಾಂಗ್‌ಕಾಂಗ್‌ಗೆ ಹೊರಟರು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಮಹನೀಯರ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ಇಂಥದ್ದನ್ನು ಬಿಟ್ಟುಬಿಡುತ್ತೇವೆ. ಆ ಕಾಲದಲ್ಲಿ ಮುಂಬೈಯಿಂದ ಚೀನಾಕ್ಕೆ ಹೋಗುತ್ತಿದ್ದ ಸರಕು ಮುಖ್ಯವಾಗಿ ಎರಡು, ಹತ್ತಿ ಮತ್ತು ಅಫೀಮು. ಟಾಟಾ ಕುಟುಂಬದ ವ್ಯಾಪಾರದಲ್ಲೂ ಅಫೀಮು ಇತ್ತು. ಬ್ರಿಟಿಷ್ ಸರ್ಕಾರವೇ ಅದರಿಂದ ದೊಡ್ಡ ಆದಾಯ ಪಡೆಯುತ್ತಿತ್ತು, ಕಾನೂನಿನಲ್ಲಿ ತಪ್ಪಾಗಿರಲಿಲ್ಲ, ಮುಂಬೈಯ ಎಲ್ಲ ಸಮುದಾಯಗಳ ದೊಡ್ಡ ವ್ಯಾಪಾರಿಗಳೂ ಅದರಲ್ಲಿದ್ದರು. ಆದರೂ ಚೀನಾದ ಲಕ್ಷಾಂತರ ಮನೆಗಳನ್ನು ಹಾಳುಮಾಡಿದ ಸರಕು ಅದು. ಇದನ್ನು ಓದಿದ ದಿನ ನಾನು ಬೇರೆ ಯಾರ ಬಗ್ಗೆಯಾದರೂ ಬರೆಯಲೇ ಎಂದು ಯೋಚಿಸಿದೆ. ಕಾನೂನು ಒಪ್ಪಿದ್ದೆಲ್ಲ ಒಳ್ಳೆಯ ಸಂಪಾದನೆ ಆಗುವುದಿಲ್ಲ ಎಂದು ನಮಗೆ ಮನೆಯಲ್ಲೇ ಕಲಿಸಿದ್ದಾರೆ. ಆದರೆ ಮುಂದೆ ಓದಿದಾಗ, ಅವರ ಹೆಸರು ಉಳಿದದ್ದು ಸರಕು ಸಾಗಿಸಿದ್ದಕ್ಕಲ್ಲ, ಸರಕು ತಯಾರಿಸಿದ್ದಕ್ಕೆ ಎಂದು ತಿಳಿಯಿತು. ಆ ಬದಲಾವಣೆಗೆ ಅವರನ್ನು ತಂದದ್ದು ಒಂದು ದೊಡ್ಡ ನಷ್ಟ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಲ್ಯಾಂಕಶೈರ್ ಮಿಲ್ಲುಗಳಿಗೆ ಅಮೆರಿಕದ ಹತ್ತಿ ನಿಂತುಹೋಗಿ, ಎಲ್ಲರೂ ಭಾರತದ ಹತ್ತಿಯ ಕಡೆ ತಿರುಗಿದರು. ಬೆಲೆ ಎಷ್ಟು ಏರಿತೆಂದರೆ ಮುಂಬೈಯಲ್ಲಿ ಜನ ಹಾಸಿಗೆ ಬಿಚ್ಚಿ ಒಳಗಿನ ಹತ್ತಿ ಮಾರಿದರಂತೆ. ಹಣ ನೀರಿನಂತೆ ಹರಿಯಿತು, ದಿನಕ್ಕೊಂದು ಹೊಸ ಬ್ಯಾಂಕು, ಹೊಸ ಕಂಪನಿ. ಆ ಉತ್ಸಾಹದಲ್ಲಿ ನಸರ್ವಾನ್‌ಜಿ, ಆಗಿನ ಸಟ್ಟಾ ಮಾರುಕಟ್ಟೆಯ ರಾಜನಂತಿದ್ದ ಪ್ರೇಮ್‌ಚಂದ್ ರಾಯ್‌ಚಂದ್ ಮೊದಲಾದವರು ಸೇರಿ ಲಂಡನ್ನಿನಲ್ಲಿ ಒಂದು ಭಾರತೀಯ ಬ್ಯಾಂಕ್ ತೆರೆಯಲು ಯೋಜಿಸಿದರು. ಅದಕ್ಕಾಗಿ 25 ವರ್ಷದ ಜಮ್‌ಶೆಡ್‌ಜಿಯನ್ನು ಇಂಗ್ಲೆಂಡಿಗೆ ಕಳಿಸಿದರು. 1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಬ್ಯಾಂಕುಗಳು ಒಂದರ ಮೇಲೊಂದು ಬಿದ್ದವು. ಜಮ್‌ಶೆಡ್‌ಜಿ ಕೈಯಲ್ಲಿದ್ದ ಹುಂಡಿಗಳು ಬರೀ ಕಾಗದವಾದವು.

ಪರದೇಶದಲ್ಲಿ, ಆ ವಯಸ್ಸಿನಲ್ಲಿ, ಸಾಲಗಾರರು ಬಾಗಿಲಲ್ಲಿ ನಿಂತಾಗ ಓಡಿಹೋಗುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಸಾಲ ಕೊಟ್ಟವರನ್ನೆಲ್ಲ ಕಂಡು ಲೆಕ್ಕಪತ್ರ ಮುಂದಿಟ್ಟು ಇದ್ದ ಸ್ಥಿತಿಯನ್ನು ಇದ್ದ ಹಾಗೆ ಹೇಳಿದರು. ಅವರ ನೇರ ನಡೆ ಮೆಚ್ಚಿದ ಸಾಲಗಾರರು ವ್ಯವಹಾರವನ್ನು ಸಮಾಪನಗೊಳಿಸುವ ಕೆಲಸವನ್ನು ಅವರಿಗೇ ವಹಿಸಿದರು, ಅದಕ್ಕೆ ಸಂಬಳವನ್ನೂ ಗೊತ್ತುಮಾಡಿದರು. ಅಂದರೆ ಸಾಲ ಬಾಕಿ ಇಟ್ಟವನೇ ಲಿಕ್ವಿಡೇಟರ್! ಅಕೌಂಟೆನ್ಸಿ ತರಗತಿಯಲ್ಲಿ ನಾವು ಎಷ್ಟೋ ಸಂಸ್ಥೆಗಳನ್ನು ವಿಸರ್ಜನೆ ಮಾಡಿದ್ದೇವೆ, ಇಂಥ ಲೆಕ್ಕ ಒಮ್ಮೆಯೂ ಬಂದಿಲ್ಲ. ಇತ್ತ ಮುಂಬೈಯಲ್ಲಿ ತಂದೆ ಮನೆ ಮಾರಿ ಸಾಲ ತೀರಿಸಿದರು.

ಇಂಗ್ಲೆಂಡಿನಲ್ಲಿದ್ದಾಗ ಮತ್ತು ಆಮೇಲೆ ಮತ್ತೆ ಹೋದಾಗ ಜಮ್‌ಶೆಡ್‌ಜಿ ಲ್ಯಾಂಕಶೈರ್ ಮಿಲ್ಲುಗಳನ್ನು ಕಂಡರು. ನಮ್ಮ ಹೊಲದ ಹತ್ತಿ ಹಡಗಿನಲ್ಲಿ ಅಲ್ಲಿಗೆ ಹೋಗಿ, ಬಟ್ಟೆಯಾಗಿ ನಮಗೇ ಮಾರಾಟವಾಗಲು ಹಿಂತಿರುಗುತ್ತಿತ್ತು. ನಡುವಿನ ಲಾಭವೆಲ್ಲ ಅಲ್ಲೇ ಉಳಿಯುತ್ತಿತ್ತು. ಈ ಲೆಕ್ಕ ಅವರ ತಲೆಯಿಂದ ಹೋಗಲಿಲ್ಲ.

ಅಬಿಸೀನಿಯಾಕ್ಕೆ ಹೊರಟ ಬ್ರಿಟಿಷ್ ಸೈನ್ಯಕ್ಕೆ ಸಾಮಗ್ರಿ ಪೂರೈಸುವ ಗುತ್ತಿಗೆಯಲ್ಲಿ ತಂದೆಗೆ ಪಾಲು ಸಿಕ್ಕಿ ಕುಟುಂಬ ಚೇತರಿಸಿಕೊಂಡಿತು. 1868ರಲ್ಲಿ ಜಮ್‌ಶೆಡ್‌ಜಿ 21,000 ರೂಪಾಯಿ ಬಂಡವಾಳದಲ್ಲಿ ತಮ್ಮದೇ ವ್ಯಾಪಾರ ಸಂಸ್ಥೆ ಆರಂಭಿಸಿದರು. ಇಂದಿನ ಟಾಟಾ ಸಮೂಹ ತನ್ನ ವಯಸ್ಸನ್ನು ಎಣಿಸುವುದು ಅಲ್ಲಿಂದಲೇ. ಮರುವರ್ಷ ಮುಂಬೈಯ ಚಿಂಚ್‌ಪೋಕ್ಲಿಯಲ್ಲಿ ದಿವಾಳಿಯಾಗಿದ್ದ ಒಂದು ಎಣ್ಣೆ ಗಿರಣಿಯನ್ನು ಕೊಂಡು ಹತ್ತಿ ಮಿಲ್ಲಾಗಿ ಬದಲಿಸಿ, ಎರಡು ವರ್ಷದಲ್ಲಿ ಲಾಭಕ್ಕೆ ಮಾರಿದರು. ಇದು ಅಭ್ಯಾಸ ಪಂದ್ಯದಂತೆ.

ನಿಜವಾದ ಆಟ ನಾಗಪುರದ್ದು. ಮಿಲ್ಲು ಎಂದರೆ ಮುಂಬೈ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಅವರು ಮಾತ್ರ ನಕ್ಷೆ ನೋಡಿ, ಊರೂರು ತಿರುಗಿ, ಹತ್ತಿ ಬೆಳೆಯುವ ಪ್ರದೇಶದ ನಡುವೆ ಇದ್ದ, ರೈಲು ಬಂದಿದ್ದ, ಕಲ್ಲಿದ್ದಲು ಹತ್ತಿರವಿದ್ದ ನಾಗಪುರವನ್ನು ಆರಿಸಿದರು. 1874ರಲ್ಲಿ 15 ಲಕ್ಷ ರೂಪಾಯಿ ಬಂಡವಾಳದ ಕಂಪನಿ ಸ್ಥಾಪನೆಯಾಯಿತು. ಸಿಕ್ಕ ಜಾಗ ಜೌಗು ನೆಲ. ಅದನ್ನು ತುಂಬಿಸಲು ಮಣ್ಣು ಸುರಿಯಬೇಕಿತ್ತು. ಅಲ್ಲಿನ ಒಬ್ಬ ಸಾಹುಕಾರ, ಚಿನ್ನವನ್ನು ಮಣ್ಣಿಗೆ ಹಾಕುವ ಕೆಲಸವಿದು ಎಂದು ಸಾಲ ನಿರಾಕರಿಸಿದನಂತೆ. ಮುಂದೆ ಅವನೇ, ಟಾಟಾ ಮಣ್ಣು ಹಾಕಿ ಚಿನ್ನ ತೆಗೆದರು ಎಂದು ಒಪ್ಪಿಕೊಂಡನೆಂದೂ ಹೇಳುತ್ತಾರೆ. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಘೋಷಿಸಿದ ದಿನವೇ, ಮಿಲ್ಲು ತೆರೆಯಿತು. ಹೆಸರು ಎಂಪ್ರೆಸ್ ಮಿಲ್.

ಶುರುವಿನಲ್ಲೇ ಅವರೂ ಒಂದು ತಪ್ಪು ಮಾಡಿದರು, ಅಗ್ಗದ ಯಂತ್ರ ಕೊಂಡರು. ನೂಲು ಕಳಪೆ ಬಂತು, ಲಾಭ ಬರಲಿಲ್ಲ. ಆಮೇಲೆ ಒಳ್ಳೆಯ ಯಂತ್ರ ತರಿಸಬೇಕಾಯಿತು. ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು. ನಮ್ಮ ಅಂಗಡಿಯಲ್ಲೂ ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಮೆಷಿನ್ ಒಂದು ಮೂಲೆಯಲ್ಲಿ ಧೂಳು ಹಿಡಿದು ಕೂತಿದೆ.

ಟಾಟಾ ಆರಿಸಿದ ಮ್ಯಾನೇಜರ್ ಯಾರು ನೋಡಿ. ಬೆಜೋನ್‌ಜಿ ದಾದಾಭಾಯಿ ಮೆಹ್ತಾ, ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದವರು. ಬಟ್ಟೆ ಮಿಲ್ಲಿನ ಅನುಭವ ಒಂದು ದಿನದ್ದೂ ಇಲ್ಲ. ತಾಂತ್ರಿಕ ಕೆಲಸಕ್ಕೆ ಲ್ಯಾಂಕಶೈರಿನ ಜೇಮ್ಸ್ ಬ್ರೂಕ್ಸ್‌ಬಿ ಇದ್ದರು. ಕೆಲಸ ಗೊತ್ತಿರುವವರು ಸಿಗುತ್ತಾರೆ, ಜನರನ್ನು ನಡೆಸುವವರು ಸಿಗುವುದು ಕಷ್ಟ ಎಂಬುದು ಟಾಟಾ ಅವರ ಲೆಕ್ಕವಾಗಿದ್ದಿರಬೇಕು. ಬೆಜೋನ್‌ಜಿ ಬಹಳ ಕಾಲ ಆ ಮಿಲ್ಲನ್ನು ನಡೆಸಿ ದೇಶದ ಒಳ್ಳೆಯ ಮಿಲ್ಲುಗಳಲ್ಲಿ ಒಂದಾಗಿ ಮಾಡಿದರು. ಆಗ ಅಮೆರಿಕದಲ್ಲಿ ರಿಂಗ್ ಸ್ಪಿಂಡಲ್ ಎಂಬ ಹೊಸ ನೂಲುವ ಯಂತ್ರ ಬಂದಿತ್ತು. ಹಳೆಯ ಮ್ಯೂಲ್ ಯಂತ್ರ ಎಳೆಯನ್ನು ಒಮ್ಮೆ ಎಳೆದು ಹುರಿಮಾಡಿ, ಆಮೇಲೆ ನಿಂತು ಸುತ್ತುತ್ತಿತ್ತು. ರಿಂಗ್ ಯಂತ್ರದಲ್ಲಿ ಎರಡೂ ಒಟ್ಟಿಗೇ ನಡೆಯುವುದರಿಂದ ನೂಲು ಹೆಚ್ಚು ಬರುತ್ತಿತ್ತು. ಲ್ಯಾಂಕಶೈರಿನ ದೊಡ್ಡವರು ಇನ್ನೂ ಮೂಗು ಮುರಿಯುತ್ತಿದ್ದಾಗ ನಾಗಪುರದಲ್ಲಿ ಅದನ್ನು ತರಿಸಿ, ಪರೀಕ್ಷೆ ಮಾಡಿ, ಅಳವಡಿಸಿಕೊಂಡರು.

ನನ್ನ ಮಟ್ಟಿಗೆ ಪುಸ್ತಕದ ಮುಖ್ಯ ಭಾಗ ಇನ್ನು ಮುಂದಿನದು. ಎಂಪ್ರೆಸ್ ಮಿಲ್ಲಿನಲ್ಲಿ ಕೆಲಸಗಾರರು ಸರಿಯಾಗಿ ಬರುತ್ತಿರಲಿಲ್ಲ. ಹೊಲದ ಕೆಲಸ, ಹಬ್ಬ, ಮದುವೆ, ಸುಮ್ಮನೆ ಬೇಸರ, ಏನೋ ಒಂದು ಕಾರಣ. ಬೇರೆ ಮಾಲೀಕರಾಗಿದ್ದರೆ ದಂಡ ಹಾಕುತ್ತಿದ್ದರು. ಇಲ್ಲಿ ಬಿಡದೆ ಬಂದವರಿಗೆ ಬಹುಮಾನ ಕೊಡುವ ಪದ್ಧತಿ ತಂದರು, ವರ್ಷಕ್ಕೊಮ್ಮೆ ಸಮಾರಂಭ ಮಾಡಿ ಎಲ್ಲರ ಮುಂದೆ ಉಡುಗೊರೆ ಕೊಟ್ಟರು. ಮಿಲ್ಲಿನ ಒಳಗಿನ ಧೂಳು ಮತ್ತು ಸೆಕೆ ಕಡಿಮೆ ಮಾಡಲು ಗಾಳಿಯನ್ನು ತೇವ ಮಾಡುವ ಯಂತ್ರ ಹಾಕಿಸಿದರು, ಬೆಂಕಿ ಆರಿಸಲು ಸ್ಪ್ರಿಂಕ್ಲರ್ ಹಾಕಿಸಿದರು. 1886ರಲ್ಲಿ ಪಿಂಚಣಿ ನಿಧಿ ಬಂತು. 1895ರಲ್ಲಿ ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಶುರುವಾಯಿತು. ನಮ್ಮ ದೇಶದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ. ಅಂದರೆ ಸರ್ಕಾರ ಕೇಳುವುದಕ್ಕೆ 28 ವರ್ಷ ಮೊದಲು. 1881ರ ಫ್ಯಾಕ್ಟರಿ ಕಾಯ್ದೆ ಆಗ ಇದ್ದರೂ ಅದು ಮಕ್ಕಳ ಕೆಲಸಕ್ಕೆ ದಿನಕ್ಕೆ 9 ಗಂಟೆಯ ಮಿತಿ ಹಾಕಿತ್ತು ಅಷ್ಟೇ. ದೊಡ್ಡವರ ಕೆಲಸದ ಹೊತ್ತಿಗೆ ಅದರಲ್ಲಿ ಮಿತಿಯೇ ಇರಲಿಲ್ಲ. ಆ ಕಾಲದ ಮಿಲ್ಲುಗಳು ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೆ ನಡೆಯುತ್ತಿದ್ದವು. ಆದ್ದರಿಂದ ಎಂಪ್ರೆಸ್ ಮಿಲ್ಲನ್ನು ಸ್ವರ್ಗ ಎಂದು ನಾನು ಹೇಳುವುದಿಲ್ಲ.

ಲೆಕ್ಕಶಾಸ್ತ್ರದಲ್ಲಿ ನಾವು ಎರಡು ಬಗೆಯ ವೆಚ್ಚ ಓದುತ್ತೇವೆ. ಒಂದೇ ವರ್ಷದಲ್ಲಿ ಪ್ರಯೋಜನ ತೀರಿಹೋದರೆ ರೆವಿನ್ಯೂ ವೆಚ್ಚ, ಹಲವು ವರ್ಷ ಫಲ ಕೊಟ್ಟರೆ ಬಂಡವಾಳ ವೆಚ್ಚ. ಕೂಲಿ ಸಾಮಾನ್ಯವಾಗಿ ಮೊದಲನೆಯ ಸಾಲಿನಲ್ಲೇ. ಟಾಟಾ ತಮ್ಮ ಪುಸ್ತಕದಲ್ಲಿ ಹೇಗೆ ಬರೆದಿದ್ದರೋ, ಆದರೆ ಮನಸ್ಸಿನಲ್ಲಿ ಮಾತ್ರ ಕೆಲಸಗಾರನ ಮೇಲಿನ ವೆಚ್ಚವನ್ನು ಎರಡನೆಯ ಸಾಲಿಗೆ ಹಾಕಿದ್ದರು ಎಂದು ನನಗೆ ಅನಿಸಿತು. ಇದು ಧರ್ಮಕ್ಕೆ ಕೊಟ್ಟ ಹಣವೂ ಅಲ್ಲ. ಅವರಿಗೆ ಅದರಲ್ಲಿ ಲಾಭ ಕಂಡಿತ್ತು, ಮತ್ತು ಲಾಭ ಬಂತು. ಎಂಪ್ರೆಸ್ ಮಿಲ್ ಷೇರುದಾರರಿಗೆ ವರ್ಷ ವರ್ಷ ಒಳ್ಳೆಯ ಡಿವಿಡೆಂಡ್ ಕೊಟ್ಟಿತು.

ಈ ಮಾತನ್ನು ಒಂದು ರಾತ್ರಿ ಊಟದ ಹೊತ್ತಿಗೆ ಅಬ್ಬಾ ಮುಂದೆ ಇಟ್ಟೆ. ಅವರು ನಕ್ಕರು. ಟಾಟಾ ಹತ್ತಿರ ಸಾವಿರಾರು ಜನ ಇದ್ದರು, ಅವರಿಗೆ ಪಿಂಚಣಿ ನಿಧಿ ಆಗುತ್ತದೆ, ಐದು ಮೆಷಿನ್ನಿನ ಅಂಗಡಿಗೆ ಶಾಲೆ ತೆರೆಯುವ ಎರಡು ತಿಂಗಳು ಬಿಟ್ಟರೆ ಬಾಡಿಗೆ ಹುಟ್ಟುವುದೇ ಕಷ್ಟ ಎಂದರು. ಅದೂ ಸುಳ್ಳಲ್ಲ. ಅಮ್ಮಿ ಮಾತ್ರ ಏನೂ ಹೇಳದೆ ಅಬ್ಬಾ ಮುಖ ನೋಡಿದರು.

ಟಾಟಾ ಅವರ ಕಥೆಗೆ ಬರೋಣ. 1886ರಲ್ಲಿ ಅವರು ಮುಂಬೈಯ ಕುರ್ಲಾದಲ್ಲಿ ಮುಚ್ಚುವ ಸ್ಥಿತಿಯಲ್ಲಿದ್ದ ಧರಮ್‌ಸಿ ಮಿಲ್ಲನ್ನು ಹನ್ನೆರಡೂವರೆ ಲಕ್ಷಕ್ಕೆ ಕೊಂಡರು. ಅದಕ್ಕೆ ಸ್ವದೇಶಿ ಎಂದು ಹೆಸರಿಟ್ಟರು. ಸ್ವದೇಶಿ ಚಳವಳಿ ಶುರುವಾದದ್ದು 1905ರಲ್ಲಿ ಎಂಬುದನ್ನು ನೆನಪಿಡಿ. ನಾಗಪುರದ ಯಶಸ್ಸಿನ ನಂತರ ಇದು ಸುಲಭ ಎಂದುಕೊಂಡಿದ್ದರು. ಆಗಲಿಲ್ಲ. ಯಂತ್ರಗಳು ಹಾಳಾಗಿದ್ದವು, ನೂಲಿಗೆ ಕೆಟ್ಟ ಹೆಸರು ಬಂತು, ಷೇರಿನ ಬೆಲೆ ಬಿತ್ತು. ಬ್ಯಾಂಕು ಸಾಲ ಕೊಡಲಿಲ್ಲ. ಆಗ ಅವರು ತಮ್ಮ ಎಂಪ್ರೆಸ್ ಷೇರುಗಳಲ್ಲಿ ಒಂದಷ್ಟನ್ನು ಮಾರಿ, ಕುಟುಂಬಕ್ಕೆಂದು ಮಾಡಿಟ್ಟಿದ್ದ ಟ್ರಸ್ಟಿನ ಹಣವನ್ನೂ ಬಿಡಿಸಿ ಇದಕ್ಕೆ ಹಾಕಿದರು. ನಾಗಪುರದಿಂದ ಒಳ್ಳೆಯ ಕೆಲಸಗಾರರನ್ನು ಕರೆಸಿದರು. ಕೆಲವು ವರ್ಷಗಳ ಕಷ್ಟದ ನಂತರ ಸ್ವದೇಶಿ ಮಿಲ್ಲಿನ ಬಟ್ಟೆ ಹೊರದೇಶಗಳಿಗೂ ಹೋಯಿತು.

ಎಲ್ಲ ಜಗಳದಲ್ಲೂ ಅವರು ಗೆಲ್ಲಲಿಲ್ಲ. ಮುಂಬೈಯಿಂದ ಚೀನಾ, ಜಪಾನಿಗೆ ನೂಲು ಸಾಗಿಸುವ ಹಡಗುಗಳಲ್ಲಿ ಬ್ರಿಟಿಷರ ಪಿ ಅಂಡ್ ಓ ಕಂಪನಿಯದ್ದೇ ಕಾರುಬಾರು. ಬಾಡಿಗೆ ಅವರು ಹೇಳಿದ್ದು. 1893ರಲ್ಲಿ ಟಾಟಾ ಜಪಾನಿಗೆ ಹೋಗಿ ಅಲ್ಲಿನ ನಿಪ್ಪಾನ್ ಯೂಸೆನ್ ಕೈಶಾ ಹಡಗು ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಟಾಟಾ ಲೈನ್ ಆರಂಭಿಸಿದರು. ಪಿ ಅಂಡ್ ಓ ತನ್ನ ಬಾಡಿಗೆಯನ್ನು ನೆಲಕ್ಕೆ ಇಳಿಸಿತು, ಆದರೆ ಟಾಟಾ ಹಡಗಿಗೆ ಸರಕು ಕೊಡದವರಿಗೆ ಮಾತ್ರ. ಮುಂಬೈಯ ವ್ಯಾಪಾರಿಗಳು ಅಗ್ಗದ ಬಾಡಿಗೆಗೆ ಆಸೆಪಟ್ಟು ಒಬ್ಬೊಬ್ಬರಾಗಿ ಅತ್ತ ಸರಿದರು. ಟಾಟಾ ಲೈನ್ ಸ್ವಲ್ಪ ಕಾಲದಲ್ಲೇ ನಷ್ಟದಲ್ಲಿ ಮುಚ್ಚಿತು. ಪೈಪೋಟಿಯವನನ್ನು ಓಡಿಸಲು ಬೆಲೆ ಇಳಿಸುವ ಈ ಉಪಾಯ ಇವತ್ತಿನ ಮೊಬೈಲ್ ಆ್ಯಪ್‌ಗಳ ಕಾಲದ್ದಲ್ಲ ಎಂದು ಇದರಿಂದ ತಿಳಿಯುತ್ತದೆ.

ಆ ಜಪಾನ್ ಪ್ರಯಾಣದಲ್ಲೇ ಯೊಕೊಹಾಮಾದಿಂದ ವ್ಯಾಂಕೂವರ್‌ಗೆ ಹೊರಟ ಹಡಗಿನಲ್ಲಿ ಅವರಿಗೆ ಸ್ವಾಮಿ ವಿವೇಕಾನಂದರು ಜೊತೆಯಾದರು. ಸ್ವಾಮೀಜಿ ಚಿಕಾಗೋ ಸಮ್ಮೇಳನಕ್ಕೆ ಹೊರಟಿದ್ದರು. ದೇಶದಲ್ಲಿ ವಿಜ್ಞಾನ ಮತ್ತು ಕೈಗಾರಿಕೆ ಬೆಳೆಯಬೇಕಾದ ಬಗ್ಗೆ ಇಬ್ಬರೂ ಮಾತನಾಡಿದರು. ಐದು ವರ್ಷದ ನಂತರ, 1898ರಲ್ಲಿ, ವಿಜ್ಞಾನ ಸಂಸ್ಥೆಯ ಯೋಜನೆಗೆ ನೆರವು ಕೇಳಿ ಟಾಟಾ ಸ್ವಾಮೀಜಿಗೆ ಪತ್ರ ಬರೆದರು.

ಅಷ್ಟರಲ್ಲೇ 1892ರಲ್ಲಿ ಅವರು ಹೊರದೇಶದಲ್ಲಿ ಓದುವವರಿಗೆ ಒಂದು ನಿಧಿ ಸ್ಥಾಪಿಸಿದ್ದರು. ಇದರ ರೀತಿ ವಾಣಿಜ್ಯ ವಿದ್ಯಾರ್ಥಿಗಳು ಗಮನಿಸುವಂಥದ್ದು. ಹಣ ದಾನವಲ್ಲ, ಸಾಲ. ಓದಿ ಸಂಪಾದಿಸಲು ಶುರುಮಾಡಿದ ಮೇಲೆ ಹಿಂತಿರುಗಿಸಬೇಕು, ಅದು ಮುಂದಿನವರಿಗೆ ಹೋಗುತ್ತದೆ. ಮೊದಲು ಪಾರ್ಸಿಗಳಿಗೆ ಮಾತ್ರ ಇತ್ತು, 1894ರಿಂದ ಎಲ್ಲ ಭಾರತೀಯರಿಗೂ ತೆರೆಯಿತು. ಮೊದಲು ಹೋದವರಲ್ಲಿ ಮಹಿಳಾ ವೈದ್ಯರೂ ಇದ್ದರು. ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್, ನಮ್ಮ ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಇಬ್ಬರೂ ಈ ನಿಧಿಯಿಂದ ಓದಿದವರು.

ವಿಜ್ಞಾನ ಸಂಸ್ಥೆಗಾಗಿ ಟಾಟಾ ಮುಂಬೈಯಲ್ಲಿದ್ದ ತಮ್ಮ 14 ಕಟ್ಟಡ, 4 ನಿವೇಶನಗಳನ್ನು ಕೊಡಲು ಮುಂದಾದರು. ಅವುಗಳ ಬೆಲೆ ಆಗ 30 ಲಕ್ಷ. ಬುರ್ಜೋರ್‌ಜಿ ಪಾದ್‌ಷಾ ಎಂಬ ವಿದ್ವಾಂಸರನ್ನು ಹೊರದೇಶಗಳ ವಿಶ್ವವಿದ್ಯಾಲಯಗಳನ್ನು ನೋಡಿಬರಲು ಕಳಿಸಿದರು. ಹೊಸ ವೈಸರಾಯ್ ಲಾರ್ಡ್ ಕರ್ಜನ್ ಮುಂಬೈಗೆ ಬಂದಿಳಿದ ಮರುದಿನವೇ, 1898ರ ಡಿಸೆಂಬರ್ 31ರಂದು, ಸಮಿತಿಯವರು ಯೋಜನೆಯನ್ನು ಅವರ ಮುಂದಿಟ್ಟರು. ಕರ್ಜನ್‌ಗೆ ಅನುಮಾನ. ಅಷ್ಟು ಓದುವ ವಿದ್ಯಾರ್ಥಿಗಳು ಇಲ್ಲಿದ್ದಾರೆಯೇ, ಓದಿದ ಮೇಲೆ ಅವರಿಗೆ ಕೆಲಸ ಎಲ್ಲಿ? ಕಡತ ವರ್ಷಗಟ್ಟಲೆ ತಿರುಗಿತು. ಸ್ಥಳ ನೋಡಲು ಬಂದ ವಿಜ್ಞಾನಿ ವಿಲಿಯಂ ರಾಮ್ಸೆ ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, ಹಣವನ್ನೂ ಕೊಟ್ಟಿತು. ಸಂಸ್ಥೆ ಕಾನೂನುಬದ್ಧವಾಗಿ ಹುಟ್ಟಿದ್ದು 1909ರ ಮೇ ತಿಂಗಳಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಬೆಂಗಳೂರಿನ ಜನ ಇವತ್ತಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಕಟ್ಟಿಸಿದವರು ಅದನ್ನು ನೋಡಲಿಲ್ಲ.

ಅವರು ಕಣ್ಣಾರೆ ನೋಡಿದ್ದು ತಾಜ್ ಮಹಲ್ ಹೋಟೆಲನ್ನು. 1903ರ ಡಿಸೆಂಬರ್ 16ರಂದು ಅದು ತೆರೆಯಿತು. ಬೇರೊಂದು ಹೋಟೆಲಿನಲ್ಲಿ ಭಾರತೀಯ ಎಂದು ಒಳಗೆ ಬಿಡದ ಸಿಟ್ಟಿಗೆ ಇದನ್ನು ಕಟ್ಟಿಸಿದರು ಎಂಬ ಕಥೆ ವಾಟ್ಸಾಪಿನಲ್ಲಿ ನಿಮಗೂ ಬಂದಿರುತ್ತದೆ. ಇತಿಹಾಸಕಾರರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ. ಪ್ಲೇಗಿನಿಂದ ಕಂಗೆಟ್ಟಿದ್ದ ಮುಂಬೈಗೆ ಮತ್ತೆ ಜನ ಬರಬೇಕೆಂಬ ಆಸೆ ಅವರಿಗೆ ಇತ್ತು, ನನಗೆ ಅದೇ ಹೆಚ್ಚು ನಂಬಿಕೆಗೆ ಯೋಗ್ಯ ಅನಿಸುತ್ತದೆ. ವಿದ್ಯುತ್ ದೀಪ ಮೊದಲಾದ ಸಾಮಾನುಗಳನ್ನು ಯುರೋಪಿನಲ್ಲಿ ಅವರೇ ತಿರುಗಿ ಕೊಂಡುತಂದರು. ಕಂಪನಿಯ ಹಣವನ್ನು ಈ ಸಾಹಸಕ್ಕೆ ಮುಟ್ಟದೆ ತಮ್ಮ ಸ್ವಂತ ಹಣ ಹಾಕಿದರು.

ಉಕ್ಕಿನ ಕನಸು ಎಲ್ಲಕ್ಕಿಂತ ಹಳೆಯದು. 1882ರಲ್ಲಿ ಜರ್ಮನ್ ಭೂವಿಜ್ಞಾನಿಯೊಬ್ಬರು ಚಾಂದಾ ಜಿಲ್ಲೆಯ ಕಬ್ಬಿಣದ ಅದಿರಿನ ಬಗ್ಗೆ ಬರೆದ ವರದಿ ಅವರ ಕೈಗೆ ಬಂತು. ಆದರೆ ಗಣಿ ನಿಯಮಗಳು ಕಠಿಣವಾಗಿದ್ದವು, ಕಲ್ಲಿದ್ದಲು ಸರಿಹೋಗಲಿಲ್ಲ. ಅವರು ಕಾದರು. 17 ವರ್ಷಗಳ ನಂತರ ನಿಯಮ ಸಡಿಲವಾದಾಗ ಅವರ ವಯಸ್ಸು 60. ಆ ವಯಸ್ಸಿನಲ್ಲಿ ಲಂಡನ್ನಿಗೆ ಹೋಗಿ ಮಂತ್ರಿಯನ್ನು ಕಂಡರು. 1902ರಲ್ಲಿ ಅಮೆರಿಕಕ್ಕೆ ಹೋಗಿ ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳನ್ನು ಸುತ್ತಿದರು. ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಪೇಜ್ ಪೆರಿನ್ ಎಂಬ ಇಂಜಿನಿಯರ್ ಕಚೇರಿಗೆ ನೇರವಾಗಿ ನಡೆದುಹೋಗಿ, ಭಾರತಕ್ಕೆ ಬಂದು ಉಕ್ಕಿನ ಕಾರ್ಖಾನೆ ಕಟ್ಟಿಕೊಡಿ ಎಂದು ಕೇಳಿದರು. ಪೆರಿನ್ ಒಪ್ಪಿದರು.

ಅದೇ ವರ್ಷ ಹೊರದೇಶದಿಂದ ಮಗ ದೊರಾಬ್‌ಜಿಗೆ ಒಂದು ಪತ್ರ ಬರೆದರು. ಕಾರ್ಖಾನೆಗೆ ಜಾಗವೇ ಇನ್ನೂ ಸಿಕ್ಕಿರಲಿಲ್ಲ ಎಂಬುದನ್ನು ನೆನಪಿಡಿ. ಪತ್ರದಲ್ಲಿ ಕೆಲಸಗಾರರ ಊರು ಹೇಗಿರಬೇಕು ಎಂದಿತ್ತು. ಬೀದಿಗಳು ಅಗಲವಾಗಿರಲಿ, ಬೇಗ ಬೆಳೆಯುವ ನೆರಳಿನ ಮರ ನೆಡಿಸು, ಹುಲ್ಲುಹಾಸಿಗೆ, ತೋಟಕ್ಕೆ, ಫುಟ್‌ಬಾಲ್ ಹಾಕಿಗೆ ದೊಡ್ಡ ಜಾಗ ಬಿಡು, ಹಿಂದೂ ದೇವಾಲಯ, ಮುಸ್ಲಿಮರ ಮಸೀದಿ, ಕ್ರೈಸ್ತರ ಚರ್ಚಿಗೆ ಸ್ಥಳ ಗುರುತಿಸಿಡು ಎಂಬ ಅರ್ಥದ ಮಾತುಗಳು. ಬ್ಯಾಲೆನ್ಸ್ ಶೀಟಿನಲ್ಲಿ ಇನ್ನೂ ಒಂದು ರೂಪಾಯಿ ಇಲ್ಲದ ಕಾರ್ಖಾನೆಗೆ ಮೊದಲು ಮರದ ನೆರಳು!

1904ರ ಫೆಬ್ರವರಿಯಲ್ಲಿ ಭೂವಿಜ್ಞಾನಿ ಪಿ.ಎನ್. ಬೋಸ್ ಅವರ ಪತ್ರ ಬಂತು. ಒಡಿಶಾದ ಮಯೂರ್‌ಭಂಜ್ ಸಂಸ್ಥಾನದಲ್ಲಿ ಒಳ್ಳೆಯ ಅದಿರು ಇದೆ ಎಂಬ ಸುದ್ದಿ ಅದರಲ್ಲಿತ್ತು. ಅಷ್ಟರಲ್ಲಿ ಟಾಟಾ ಆರೋಗ್ಯ ಕೆಟ್ಟಿತ್ತು. ಚಿಕಿತ್ಸೆಗೆ ಯುರೋಪಿಗೆ ಹೋದವರು ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಮಣ್ಣುಮಾಡಿದರು. ಉಕ್ಕು ಇಲ್ಲ, ವಿಜ್ಞಾನ ಸಂಸ್ಥೆ ಇಲ್ಲ, ಪಶ್ಚಿಮ ಘಟ್ಟದ ಮಳೆ ನೀರಿನಿಂದ ಮುಂಬೈಗೆ ವಿದ್ಯುತ್ ಕೊಡುವ ಯೋಜನೆಯೂ ಕಾಗದದಲ್ಲೇ. ದೊಡ್ಡದು ಮೂರೂ ಬಾಕಿ.

ಒಬ್ಬನೇ ಎಲ್ಲವನ್ನೂ ಹಿಡಿದುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಗ ದೊರಾಬ್‌ಜಿ, ಪಾದ್‌ಷಾ, ಪೆರಿನ್ ಎಲ್ಲರಿಗೂ ಏನು ಮಾಡಬೇಕೆಂದು ಗೊತ್ತಿತ್ತು. 1907ರಲ್ಲಿ ಕಂಪನಿ ನೋಂದಣಿಯಾಯಿತು. ಲಂಡನ್ನಿನಲ್ಲಿ ಬಂಡವಾಳ ಹುಟ್ಟದೆ, ಮುಂಬೈಯಲ್ಲಿ ಷೇರು ಮಾರಲು ತೀರ್ಮಾನಿಸಿದರು. ಮೂರು ವಾರಗಳಲ್ಲಿ ಸುಮಾರು 8,000 ಭಾರತೀಯರು 16 ಲಕ್ಷ ಪೌಂಡಿಗೂ ಹೆಚ್ಚು ಹಣ ಹಾಕಿದರು. ಬೆಳಗಿನಿಂದ ರಾತ್ರಿಯವರೆಗೆ ಕಚೇರಿಯ ಮುಂದೆ ಜನ. ರೈಲ್ವೆಯ ದೊಡ್ಡ ಅಧಿಕಾರಿ ಫ್ರೆಡರಿಕ್ ಅಪ್‌ಕಾಟ್, ಟಾಟಾದವರು ಸರಿಯಾದ ರೈಲು ಕಂಬಿ ಮಾಡಿದರೆ ಅದನ್ನೆಲ್ಲ ತಾನೇ ತಿನ್ನುತ್ತೇನೆ ಎಂದು ಗೇಲಿ ಮಾಡಿದ್ದರಂತೆ. ಸಾಕ್ಚಿ ಎಂಬ ಹಳ್ಳಿಯಲ್ಲಿ ಕಾರ್ಖಾನೆ ಎದ್ದಿತು. 1912ರ ಫೆಬ್ರವರಿ 16ರಂದು ಮೊದಲ ಉಕ್ಕಿನ ಗಟ್ಟಿ ಹೊರಬಂತು. ಅದೇ ವರ್ಷ ಅಲ್ಲಿ ದಿನಕ್ಕೆ 8 ಗಂಟೆಯ ಕೆಲಸ ಜಾರಿಗೆ ಬಂತು. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ ಹೋದ ಕಂಬಿಗಳು ಇಲ್ಲಿಯವೇ. 1919ರಲ್ಲಿ ವೈಸರಾಯ್ ಲಾರ್ಡ್ ಚೆಮ್ಸ್‌ಫರ್ಡ್ ಆ ಊರಿಗೆ ಜಮ್‌ಶೆಡ್‌ಪುರ ಎಂದು ಹೆಸರಿಟ್ಟರು. ಪತ್ರದಲ್ಲಿ ಬರೆದ ಮರಗಳೂ ಅಲ್ಲಿ ಬೆಳೆದವು.

ನಮ್ಮ ಅಂಗಡಿಯ ವಿಷಯ ಕೇಳುವವರಿಗಾಗಿ ಇಷ್ಟು ಸೇರಿಸುತ್ತೇನೆ. ಪಿಂಚಣಿ ನಿಧಿ ಏನೂ ಆಗಿಲ್ಲ. ಆದರೆ ಕಳೆದ ತಿಂಗಳು ಅಬ್ಬಾ ಮಾಮುವನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಯಿತು. ಈಗ ಅವರು ಹೊಲಿಯುವುದಿಲ್ಲ, ಬಟ್ಟೆ ಕತ್ತರಿಸುತ್ತಾರೆ, ಮತ್ತು ಹೊಸದಾಗಿ ಬಂದ ಹುಡುಗನಿಗೆ ಕಾಲರ್ ಕೂರಿಸುವುದನ್ನು ಕಲಿಸುತ್ತಾರೆ. ಅಂಗಡಿಯ ಲೆಕ್ಕ ಬರೆಯುವುದು ನಾನು. ಆಸ್ಪತ್ರೆಯ ಬಿಲ್ಲನ್ನು ಯಾವ ಸಾಲಿಗೆ ಹಾಕಲಿ ಎಂದು ಅಬ್ಬಾ ಅವರನ್ನು ಕೇಳಿದೆ. ಅವರು ಮೆಷಿನ್ ರಿಪೇರಿ ಪುಟ ತೆಗೆದುಕೊಟ್ಟು, ಸದ್ಯಕ್ಕೆ ಇಲ್ಲಿ ಬರಿ ಎಂದರು.